ಚಾರ್ಜ್ ಕೊಟ್ಟು ಕುಡಿದ ಸೂಪು

ದೊಡ್ಡ ಸಿಸ್ಟರಿಗೆ ಮಗುವಾದದ್ದು ನಲವತ್ತು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅವಳು ಬೇರೆಯವರ ಮಕ್ಕಳನ್ನು ಸಾಕುವುದರಲ್ಲಿ ಪಂಡಿತೆಯಾಗಿದ್ದಳು. ಹೋಟೆಲಿನಲ್ಲಿ ಪಕ್ಕದ ಟೇಬಲಿನ ಕೂಸು ಕಿರುಚಿದರೆ ಗಂಡನ ಕಡೆ ಬಾಗಿ, "ಕೂಸಿನ ತಪ್ಪಲ್ಲ ರೀ ಅದು. ಹೆತ್ತೋರಿಗೆ ಪ್ಲಾನಿಂಗ್ ಇಲ್ಲ" ಅನ್ನುವಳು. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಮೇಲೆ ಹೋದದ್ದು ಕೆಳಗೆ ಬಂದೇ ಬರುತ್ತದೆ ಎಂಬುದನ್ನು ಬಲ್ಲವನು. "ಹ್ಞೂಂ" ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುವನು.

ಅವಳು ಆಸ್ಪತ್ರೆಯಲ್ಲಿ, ಆಪರೇಷನ್ ಆದ ಗಂಡಸರ ವಾರ್ಡಿನ ಮುಖ್ಯ ನರ್ಸು. ಆಯಾಗಳಿಂದ ಹಿಡಿದು ಡಾಕ್ಟರುಗಳವರೆಗೆ ಎಲ್ಲರೂ ಕರೆಯುವುದು ದೊಡ್ಡ ಸಿಸ್ಟರ್ ಎಂದೇ. ಭಯವಾದಾಗ ಗಂಡನೂ ಹಾಗೇ ಕರೆಯುತ್ತಾನೆ. ಆ ವಾರ್ಡಿನಲ್ಲಿ ಮೀಸೆ ತಿರುವುವ ಗಟ್ಟಿಗರು ಅವಳ ಒಂದು ನೋಟಕ್ಕೆ ಕಹಿ ಮಾತ್ರೆ ನುಂಗಿ, ನುಂಗಿದ್ದಕ್ಕೆ ಸಾಕ್ಷಿಯಾಗಿ ಬಾಯಿ ತೆರೆದು ತೋರಿಸುತ್ತಾರೆ.

ಮದುವೆಯಾದಾಗಿನಿಂದ ಗಂಡ ಹೆಂಡತಿಗೆ ಒಂದು ಅಭ್ಯಾಸ. ತಿಂಗಳಿಗೊಂದು ಭಾನುವಾರ ಹೋಟೆಲ್ ಊಟ. ಎರಡು ರಸ್ತೆ ಸೇರುವ ಕಡೆ, ಮಹಡಿಯ ಮೇಲೆ, ಕಿಟಕಿ ಪಕ್ಕದ ಟೇಬಲು. ಮೊದಲು ಬಿಸಿ ಸೂಪು, ಆಮೇಲೆ ಉಳಿದದ್ದು. ಬಸುರಿಯಾಗಿದ್ದಾಗ ಅದೇ ಟೇಬಲಿನಲ್ಲಿ ಕೂತು ಅವಳು ಘೋಷಿಸಿದ್ದಳು: "ಮಗು ನಮ್ಮ ಬದುಕಿಗೆ ಬರ್ತಾ ಇದೆ, ನಾವು ಅದರ ಬದುಕಿಗೆ ಹೋಗ್ತಾ ಇಲ್ಲ. ಹೋಟೆಲ್ ಊಟ ನಿಲ್ಲಲ್ಲ." ಆ ಮಾತು ಅವಳಿಗೇ ಎಷ್ಟು ಹಿಡಿಸಿತೆಂದರೆ ವಾರ್ಡಿನಲ್ಲಿ, ಬಸ್ಸಿನಲ್ಲಿ, ಅತ್ತೆಯ ಹತ್ತಿರ, ಎಲ್ಲ ಕಡೆ ಹೇಳಿಕೊಂಡು ಬಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಜನ ಆಡಿಕೊಳ್ಳುತ್ತಾರೆ. ಇವಳು ಕುಲಾವಿಯನ್ನೇನೂ ಹೊಲಿಸಲಿಲ್ಲ, ಭಾಷಣ ಹೊಲಿಸಿಟ್ಟುಕೊಂಡಳು. ಕುಲಾವಿಯಾಗಿದ್ದರೆ ಚಿಕ್ಕದಾಯಿತೆಂದು ಎತ್ತಿಡಬಹುದಿತ್ತು. ಭಾಷಣವನ್ನು ಕೇಳಿದವರು ಯಾರೂ ಮರೆತಿರಲಿಲ್ಲ.

ಮಗು ಹುಟ್ಟಿತು. ಹೆಣ್ಣು. ಮೊದಲ ವಾರದಲ್ಲೇ ಮನೆಯ ಎಲ್ಲ ತೀರ್ಮಾನಗಳನ್ನೂ ತನ್ನ ಕೈಗೆ ತೆಗೆದುಕೊಂಡದ್ದರಿಂದ ಅದಕ್ಕೆ ಯಜಮಾನ್ತಿ ಎಂಬ ಅಡ್ಡಹೆಸರು ಬಿತ್ತು.

ಹೋಟೆಲ್ ಊಟವೇನೋ ನಿಲ್ಲಲಿಲ್ಲ. ಅದಕ್ಕೆ ಊಟ ಎನ್ನಬಹುದೇ ಎಂಬುದು ಬೇರೆ ಮಾತು. ಮೊದಲ ಸಲ ಯಜಮಾನ್ತಿ ಬಟ್ಟೆಯ ತೊಟ್ಟಿಲಲ್ಲಿ ಸೊಗಸಾಗಿ ನಿದ್ದೆ ಮಾಡಿದಳು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅವಳ ಎದೆಯನ್ನೇ ನೋಡುತ್ತಾ ಕೂತ ದೊಡ್ಡ ಸಿಸ್ಟರು, ತಟ್ಟೆಯಲ್ಲಿದ್ದದ್ದು ಮೀನೋ ಆಲೂಗಡ್ಡೆಯೋ ತಿಳಿಯದೆ ತಿಂದು ಎದ್ದಳು. ಎರಡನೆಯ ಸಲ ಕೈತೊಳೆಯುವ ಜಾಗದ ಮೂಲೆಯಲ್ಲಿ ನಿಂತು, ಮಗುವಿಗೆ ಹಾಲು ಕುಡಿಸುತ್ತಾ, ಗಂಡ ತಂದು ಬಾಯಿಗಿಟ್ಟ ಅನ್ನ ನುಂಗಿದಳು. ಕೈತೊಳೆಯಲು ಬಂದ ಅಪರಿಚಿತರೊಬ್ಬರು ಇವಳ ಗಲ್ಲಕ್ಕೆ ಅಂಟಿದ್ದ ಅಗುಳನ್ನು ತೋರಿಸಿ ಹೋದರು. ಮೂರನೆಯ ಸಲ ಸೂಪು ಬರುವ ಹೊತ್ತಿಗೆ ಯಜಮಾನ್ತಿಯ ರಾಗ ತಾರಕಕ್ಕೇರಿ, ಎಲ್ಲವನ್ನೂ ಪೊಟ್ಟಣ ಕಟ್ಟಿಸಿಕೊಂಡು ಹೋಗಿ ಕಾರಿನೊಳಗೆ ಕೂತು ತಿಂದರು. ಗಾಜಿನ ಮೇಲೆಲ್ಲ ಹಬೆ. ಹೊರಗಿನಿಂದ ನೋಡಿದವರಿಗೆ ಹೊಸ ಪ್ರೇಮಿಗಳಂತೆ ಕಂಡಿರಬೇಕು.

ಅಂದಿನಿಂದ ಆ ಹೋಟೆಲಿನ ಹಳೆಯ ಸಪ್ಲೈಯರ್, ಕಿವಿಯಲ್ಲಿ ಕೂದಲು ಬೆಳೆದ ಸಾಧು ಮನುಷ್ಯ, ಇವರು ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ಒಂದು ಕೈಯಲ್ಲಿ ತಿಂಡಿಪಟ್ಟಿ, ಇನ್ನೊಂದು ಕೈಯಲ್ಲಿ ಪಾರ್ಸೆಲ್ ಡಬ್ಬಿಗಳನ್ನು ಹಿಡಿದೇ ಬರುತ್ತಿದ್ದ.

ಇಷ್ಟಕ್ಕೆ ಮುಗಿದಿದ್ದರೆ ಅವಳೂ ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಹೆರಿಗೆ ರಜೆಯೂ ಅದಕ್ಕೆ ಸೇರಿಸಿಕೊಂಡ ರಜೆಯೂ ಮುಗಿದಿದ್ದವು. ಸೋಮವಾರ ವಾರ್ಡಿಗೆ ಹಾಜರಾಗಬೇಕು. ಮಗುವನ್ನು ನೋಡಿಕೊಳ್ಳುವವರು ಯಾರು?

ಅತ್ತೆ ಬರುತ್ತೇನೆಂದಿದ್ದರು. ಜೀವಮಾನವೆಲ್ಲ ಶಾಲೆಯ ಸಮವಸ್ತ್ರ ಹೊಲಿದು, ಮಂಡಿ ನೋವು ಬಂದು, ಈಗ ಹೊಲಿಗೆ ಯಂತ್ರದ ಮೇಲೆ ಹೂಕುಂಡ ಇಟ್ಟುಕೊಂಡಿದ್ದ ಹೆಂಗಸು. "ನಿಮ್ಮ ಆ ಸಣ್ಣ ಕೋಣೆ ಖಾಲಿ ಮಾಡಿಕೊಟ್ರೆ ನಾನು ಬಂದು ಇರ್ತೀನಮ್ಮಾ" ಎಂದಿದ್ದರು. ದೊಡ್ಡ ಸಿಸ್ಟರು, "ಬೇಡ ಅತ್ತೆ, ನಿಮಗ್ಯಾಕೆ ತೊಂದರೆ? ನಾವಿಬ್ಬರೇ ಶಿಫ್ಟ್ ಹಾಕ್ಕೊಂಡು ನೋಡ್ಕೋತೀವಿ. ಬೇಕಾದ್ರೆ ಭಾನುವಾರ ಹೋಟೆಲಿಗೆ ಬನ್ನಿ, ನಮ್ಮ ವ್ಯವಸ್ಥೆ ಹೇಗೆ ನಡೀತಿದೆ ಅಂತ ನೀವೇ ನೋಡಿ" ಎಂದುಬಿಟ್ಟಳು. ಬಾಯಿಂದ ಜಾರಿದ ಮಾತು ಪಂಥವಾಗಿ ನಿಂತಿತು. ಭಾನುವಾರದ ಊಟ ಸಾಂಗವಾದರೆ ಅತ್ತೆ ಬರುವುದಿಲ್ಲ. ಆಗದಿದ್ದರೆ ಮರುದಿನವೇ ಸಣ್ಣ ಕೋಣೆಗೆ ಹೂಕುಂಡ ಬರುತ್ತದೆ.

ಅತ್ತೆ ಕೆಟ್ಟವರೇನಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೇಡವೆನ್ನಲು ಒಂದು ಮರ್ಯಾದಸ್ಥ ಕಾರಣವಿರುತ್ತಿತ್ತು. ನಿಜವಾದ ಕಾರಣವನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಅಷ್ಟು ದೊಡ್ಡ ವಾರ್ಡನ್ನು ನಡೆಸುವ ತಾನು, ಅಕ್ಕಿಮೂಟೆಯಷ್ಟೂ ತೂಕವಿಲ್ಲದ ಒಂದು ಜೀವಕ್ಕೆ ಹೆದರುತ್ತೇನೆ ಎಂಬುದು ಮನೆಯೊಳಗೆ ಇನ್ನೊಂದು ಜೊತೆ ಕಣ್ಣಿಗೆ ಬೀಳಬಾರದು. ಮಗು ಯಾಕೆ ಅಳುತ್ತಿದೆ ಎಂದು ಗೊತ್ತಾಗದೆ ತಾನು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತದ್ದಿದೆ. ಹೊರಗೆ ಬಂದಾಗ ಗಂಡ, "ಏನಾಯ್ತೇ, ಇಷ್ಟು ಹೊತ್ತು ನೀರು ಹರೀತಿತ್ತು?" ಎಂದರೆ, "ನಲ್ಲಿ ಸೋರ್ತಾ ಇದೆ" ಎಂದಿದ್ದಳು. ಆ ಪುಣ್ಯಾತ್ಮ ಸ್ಪ್ಯಾನರ್ ತೆಗೆದುಕೊಂಡು ಹೋಗಿ ವಾಷರ್ ಬದಲಾಯಿಸಿದ. ಮರುವಾರ ಮತ್ತೆ ಸೋರಿತು, ಮತ್ತೆ ಬದಲಾಯಿಸಿದ. ಆ ಮನೆಯ ನಲ್ಲಿಗೆ ಆದಷ್ಟು ಆರೈಕೆ ಊರಿನ ಯಾವ ನಲ್ಲಿಗೂ ಆಗಿರಲಿಕ್ಕಿಲ್ಲ.

ಭಾನುವಾರ ಬಂತು. ದೊಡ್ಡ ಸಿಸ್ಟರು ಹೆಗಲಚೀಲವನ್ನು ವಾರ್ಡಿನ ತುರ್ತು ಟ್ರಾಲಿಯ ಹಾಗೆ ಜೋಡಿಸಿದಳು. ಮೇಲಿನ ಅರೆಯಲ್ಲಿ ಹಾಲು, ನಡುವೆ ಬಟ್ಟೆ, ಕೆಳಗೆ ಒರೆಸುವುದು, ಪಕ್ಕದ ಜೇಬಿನಲ್ಲಿ ಥರ್ಮಾಮೀಟರು, ಟಾರ್ಚು. "ಟಾರ್ಚ್ ಯಾಕೆ? ಮಧ್ಯಾಹ್ನ ಊಟಕ್ಕಲ್ವಾ ಹೋಗ್ತಿರೋದು?" ಎಂದ ಗಂಡ.

"ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡ್ರೆ?"

"ಯಾರ ಗಂಟಲಲ್ಲಿ?" ಎಂದು ಕೇಳಲು ಹೋಗಿ, ಅವಳ ಮುಖ ನೋಡಿ, ಟಾರ್ಚಿನ ಸೆಲ್ಲು ಸರಿಯಿದೆಯೇ ಎಂದು ಪರೀಕ್ಷಿಸಿದ.

ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಅದೂ ವಾರ್ಡಿನದೇ. ಅಲ್ಲಿ ಒಬ್ಬ ನರ್ಸು ಡ್ಯೂಟಿ ಮುಗಿಸಿ ಹೋಗುವಾಗ ಮುಂದಿನವಳಿಗೆ ಪ್ರತಿ ರೋಗಿಯ ಸ್ಥಿತಿಯನ್ನೂ ಬಾಯಲ್ಲಿ ಹೇಳಿ ಚಾರ್ಜ್ ಕೊಡಬೇಕು, ಮುಂದಿನವಳು ಅದನ್ನು ಬಾಯಲ್ಲೇ ಒಪ್ಪಿಕೊಳ್ಳಬೇಕು. ತಲೆ ಆಡಿಸಿದರೆ ನಡೆಯುವುದಿಲ್ಲ. ಮನೆಯಲ್ಲೂ ಅದೇ. ಮಗುವನ್ನು ಕೊಡುವವರು "ಮಗು ನಿಮ್ಮದು" ಅನ್ನಬೇಕು. ತೆಗೆದುಕೊಳ್ಳುವವರು "ಮಗು ನನ್ನದು" ಅನ್ನಬೇಕು. ಆಮೇಲಷ್ಟೇ ಕೈ ಬಿಡುವುದು. "ಇಬ್ಬರೂ ಇನ್ನೊಬ್ಬರ ಹತ್ರ ಇದೆ ಅಂದ್ಕೊಂಡ್ರೆ ಮಗು ಯಾರ ಹತ್ರಾನೂ ಇರಲ್ಲ" ಎಂದು ಹೊಸ ನರ್ಸುಗಳಿಗೆ ಹೇಳುವ ಪಾಠವನ್ನೇ ಅವಳು ಗಂಡನಿಗೂ ಹೇಳಿದ್ದಳು.

ಅವರು ಮೆಟ್ಟಿಲು ಹತ್ತಿದಾಗ ಸಪ್ಲೈಯರು ಡಬ್ಬಿಗಳ ಸಮೇತ ಎದುರಾದ. "ಬನ್ನಿ ಮೇಡಂ. ಪಾರ್ಸೆಲ್ ಈಗ್ಲೇ ಮಾಡ್ಲಾ, ಸೂಪ್ ಬಂದ ಮೇಲಾ?"

"ಪಾರ್ಸೆಲ್ ಇಲ್ಲ. ಇವತ್ತು ಇಲ್ಲೇ ಊಟ."

"ಆಗ್ಲಿ ಮೇಡಂ" ಎಂದ ಅವನು, ಡಬ್ಬಿಗಳನ್ನು ಬೆನ್ನ ಹಿಂದೆ ಹಿಡಿದುಕೊಂಡ. ಒಳಗಿಡಲಿಲ್ಲ.

ಅತ್ತೆ ಆಗಲೇ ಬಂದು ಕಿಟಕಿ ಪಕ್ಕ ಕೂತಿದ್ದರು. ತಾವೇ ಹೊಲಿದ ಹಳದಿ ಟೊಪ್ಪಿಯೊಂದನ್ನು ತೆಗೆದು ಮೊಮ್ಮಗಳ ತಲೆಗೆ ಹಾಕಿದರು. ಟೊಪ್ಪಿ ಕಣ್ಣಿನವರೆಗೆ ಇಳಿಯಿತು. ಅದನ್ನು ಮತ್ತೆ ತೆಗೆದುಕೊಂಡು, "ಅಳತೆ ತಪ್ಪಿತಲ್ಲೇ ನಿನ್ನಜ್ಜಿಗೆ! ಬಾರೇ ಇಲ್ಲಿ" ಎಂದು ಕೈ ಚಾಚಿದರು.

"ಇರ್ಲಿ ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ. ಇವತ್ತು ನೀವು ಅತಿಥಿ" ಎಂದಳು ಸೊಸೆ. ಅತ್ತೆಯ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಉಪ್ಪಿನ ಡಬ್ಬಿಯನ್ನು ಸರಿಯಾಗಿ ನಿಲ್ಲಿಸಿ ಹಿಂದೆ ಸರಿಯಿತು.

ಸೂಪು ಬಂತು. ಯಜಮಾನ್ತಿ ಅಪ್ಪನ ತೊಡೆಯ ಮೇಲಿಂದ ಚಮಚ ಎಸೆದಳು. ಸಪ್ಲೈಯರು ಬೇರೆ ಚಮಚ ತಂದ. ಅದನ್ನೂ ಎಸೆದಳು. ಎಸೆದ ಮೇಲೆ ಬಗ್ಗಿ, ನೆಲದಲ್ಲಿ ಬಿದ್ದಿರುವುದನ್ನು ಖಾತ್ರಿ ಮಾಡಿಕೊಂಡು, ಮುಂದಿನದಕ್ಕೆ ಕೈ ಚಾಚುವಳು. ಅಷ್ಟರಲ್ಲಿ ಗಂಡನ ಫೋನು ಹೊಡೆದುಕೊಂಡಿತು. ಯಾವುದೋ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗೊಬ್ಬರು ಸಿಕ್ಕಿಹಾಕಿಕೊಂಡಿದ್ದರು. ಗಂಡ ಎದ್ದು ಮಗುವನ್ನು ಚಾಚಿದ.

"ಮಗು ನಿನ್ನದು."

"ಮಗು ನನ್ನದು."

ಪಕ್ಕದ ಟೇಬಲಿನಲ್ಲಿ ಊಟ ಮಾಡುತ್ತಿದ್ದ ವಯಸ್ಸಾದ ದಂಪತಿ ತಿನ್ನುವುದನ್ನು ನಿಲ್ಲಿಸಿದರು. ಆ ಹೆಂಗಸು ಮಗುವಿನ ಮೂಗನ್ನೂ ಗಂಡನ ಮೂಗನ್ನೂ ಹೋಲಿಸಿ ನೋಡಿ, ತನ್ನ ಯಜಮಾನರ ಕಿವಿಯಲ್ಲಿ ಏನೋ ಹೇಳಿದಳು.

ಗಂಡ ಫೋನಿನಲ್ಲಿ, "ಗಾಬರಿ ಆಗ್ಬೇಡಿ ಸಾರ್, ಯಾವ ಗುಂಡೀನೂ ಒತ್ಬೇಡಿ, ನಾನು ಹೇಳೋ ತನಕ ಸುಮ್ನೆ ನಿಂತಿರಿ" ಎನ್ನುತ್ತಾ ಮೆಟ್ಟಿಲಿಳಿದು ರಸ್ತೆಗೆ ಹೋದ. ಅವನು ಅತ್ತ ಹೋಗುತ್ತಿದ್ದಂತೆ ಇತ್ತ ಯಜಮಾನ್ತಿಯ ಕೆಳಗೆ ಒದ್ದೆಯಾಯಿತು. ದೊಡ್ಡ ಸಿಸ್ಟರು ಚೀಲ ಹೆಗಲಿಗೇರಿಸಿದಳು.

"ನಾನು ಬರ್ಲೇನಮ್ಮಾ?" ಎಂದರು ಅತ್ತೆ.

"ಬೇಡ ಅತ್ತೆ. ಸೂಪ್ ಆರಿಹೋಗುತ್ತೆ, ನೀವು ಕುಡೀರಿ."

ಹೋಟೆಲಿನ ಹಿಂಭಾಗದಲ್ಲಿ ಒಂದು ಉದ್ದನೆಯ ಓಣಿ. ಒಂದು ಕೊನೆಗೆ ಅಡುಗೆಮನೆ, ಇನ್ನೊಂದು ಕೊನೆಗೆ ಕೈತೊಳೆಯುವ ಜಾಗ, ನಡುವೆ ಒಂದು ಬೆಂಚು. ತಿಳಿಹಸಿರು ಗೋಡೆ, ಟ್ಯೂಬ್‌ಲೈಟು, ಈಗಷ್ಟೇ ಫಿನಾಯಿಲ್ ಹಾಕಿ ಒರೆಸಿದ ನೆಲ. ಅವಳು ಬೆಂಚಿನ ಮೇಲೆ ಮಗುವಿನ ಬಟ್ಟೆ ಬದಲಾಯಿಸಿ, ಹಾಲು ಕುಡಿಸಿ, ತೇಗಿಸಿ, ಹೆಗಲಿಗೆ ಹಾಕಿಕೊಂಡು ಗೋಡೆಗೊರಗಿ ನಿಂತಳು. ಹಿಂದಿನ ರಾತ್ರಿ ನಿದ್ದೆಯಿಲ್ಲ. ಅದರ ಹಿಂದಿನದೂ ಇಲ್ಲ. ಗೋಡೆಯ ಬಣ್ಣ, ಬೆಳಕು, ವಾಸನೆ ಎಲ್ಲ ಸೇರಿ ಅವಳನ್ನು ಮೆಲ್ಲಗೆ ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದವು.

ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ದುಂಡಗಿನ ಮೈ, ನೀಲಿ ಅಂಗಿ ನೀಲಿ ಪ್ಯಾಂಟು, ತಲೆಗೂದಲಿಗೆ ಬಲೆ, ಕಾಲಲ್ಲಿ ಸದ್ದಾಗದ ಬಿಳಿ ಬೂಟು. ಎದೆಗೆ ತಿಂಡಿಪಟ್ಟಿಗಳ ಕಟ್ಟನ್ನು, ರೋಗಿಗಳ ಫೈಲು ಹಿಡಿಯುವ ಹಾಗೆ ಅವುಚಿಕೊಂಡಿದ್ದಳು. ತಲೆಯಿಂದ ಕಾಲಿನವರೆಗೆ ಆಸ್ಪತ್ರೆಯ ನೈಟ್ ಸಿಸ್ಟರೇ.

ಮುಂದೆ ನಡೆದದ್ದರಲ್ಲಿ ದೊಡ್ಡ ಸಿಸ್ಟರಿನ ತಲೆಯ ಪಾತ್ರವೇನೂ ಇರಲಿಲ್ಲ. ನಾಲಿಗೆ ತನ್ನಷ್ಟಕ್ಕೆ ತಾನು, ಇಷ್ಟು ವರ್ಷ ಮಾಡಿದ ಕೆಲಸ ಮಾಡಿತು.

"ಬಂದ್ರಾ? ಬನ್ನಿ, ಚಾರ್ಜ್ ತಗೊಳ್ಳಿ" ಎಂದು ಮಗುವನ್ನು ಆಕೆಯ ತೋಳಿಗೆ ವರ್ಗಾಯಿಸಿದಳು. "ಹೆಣ್ಣು, ಎಂಟು ತಿಂಗಳು. ಹೊಟ್ಟೆ ತುಂಬಿದೆ, ಯೂರಿನ್ ಆಗಿದೆ, ಜ್ವರ ಇಲ್ಲ. ನಿದ್ದೆಗೆ ಮುಂಚೆ ರಂಪ ಮಾಡುತ್ತೆ, ಎಡಗಿವಿ ಹಿಂದೆ ಸವರಿ. ಬಿ.ಪಿ. ಒಂದ್ಸಲ ನೋಡ್ಕೊಂಡ್ಬಿಡಿ. ಡಾಕ್ಟರು ರೌಂಡ್ಸಿಗೆ ಬಂದ್ರೆ ಡ್ರೆಸ್ಸಿಂಗ್ ಬಿಚ್ಚೋಕೆ ಬಿಡ್ಬೇಡಿ, ಬೆಳಿಗ್ಗೆ ನಾನು ಬಂದ್ಮೇಲೆ ಬಿಚ್ಚೋಣ. ಸರಿನಾ? ಮಗು ನಿಮ್ಮದು."

"ಮಗು... ನಂದಾ?" ಎಂದಳು ನೀಲಿ ಅಂಗಿಯವಳು.

"ಹ್ಞಾಂ. ಗುಡ್."

ಆ ಹೆಂಗಸು ಗಿರಾಕಿಗಳು ಏನು ಹೇಳಿದರೂ "ಆಗ್ಲಿ ಮೇಡಂ" ಎಂದು ಎಷ್ಟೋ ವರ್ಷ ಬದುಕಿದವಳು. ಗಿರಾಕಿಗಳು ಆಕೆಯ ಕೈಗೆ ಕೊಡೆ, ಟೊಪ್ಪಿ, ಕಚ್ಚಿದ ಮೀನು ಎಲ್ಲವನ್ನೂ ಕೊಟ್ಟಿದ್ದರು. ಮಗುವನ್ನು ಯಾರೂ ಕೊಟ್ಟಿರಲಿಲ್ಲ. ಆದರೆ ಕೊಟ್ಟ ದನಿಯಲ್ಲಿ ಎದುರು ಮಾತಿಗೆ ಜಾಗವಿರಲಿಲ್ಲ. "ಆಗ್ಲಿ ಮೇಡಂ" ಎಂದಳು.

ದೊಡ್ಡ ಸಿಸ್ಟರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು, ಹಗುರವಾಗಿ ಟೇಬಲಿಗೆ ಬಂದಳು. ಚಾರ್ಜ್ ಕೊಟ್ಟು ಬಂದ ನರ್ಸಿನ ಹಗುರವನ್ನು ಚಾರ್ಜ್ ಕೊಟ್ಟವರೇ ಬಲ್ಲರು. ಹೆಗಲ ಮೇಲಿನ ಮೂಟೆ ಇಳಿದದ್ದಲ್ಲ ಅದು, ಹೆಗಲೇ ಇಳಿದ ಹಾಗೆ.

"ಮಗು ಎಲ್ಲಮ್ಮಾ?" ಎಂದರು ಅತ್ತೆ.

"ಚಾರ್ಜ್ ಕೊಟ್ಟು ಬಂದೆ ಅತ್ತೆ."

ಆ ಮನೆಯಲ್ಲಿ ಚಾರ್ಜ್ ಕೊಡುವುದೆಂದರೆ ಗಂಡನಿಗೆ ಕೊಡುವುದು ಎಂದು ಅತ್ತೆಗೆ ತಿಳಿದಿತ್ತು. ಮಗ ಫೋನು ಮುಗಿಸಿ ಹಿಂದಿನ ಬಾಗಿಲಿನಿಂದ ಬಂದು ಎತ್ತಿಕೊಂಡು ಹೋಗಿರಬೇಕು, ಕೆಳಗೆ ರಸ್ತೆಯಲ್ಲಿ ಬಸ್ಸು ತೋರಿಸುತ್ತಿರಬೇಕು ಎಂದುಕೊಂಡು ತಲೆಯಾಡಿಸಿದರು.

ಆರಿದ ಸೂಪನ್ನು ತೆಗೆಸಿ ದೊಡ್ಡ ಸಿಸ್ಟರು ಬೇರೆ ಹೇಳಿದಳು. ಬಟ್ಟಲು ಬಂತು. ಹೊಗೆಯಾಡುತ್ತಿತ್ತು. ಊದಿ ಊದಿ ಕುಡಿದಳು. ಮೆಣಸಿನ ಪುಡಿ ಉದುರಿಸಿಕೊಂಡಳು. ಎರಡೂ ಕೈ ತನ್ನವೇ ಆಗಿರುವುದು ಎಂಥ ಐಶ್ವರ್ಯ! ಬ್ರೆಡ್ಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೆಣ್ಣೆ ಹಚ್ಚಿದಳು. ಹಚ್ಚಿದ ಮೇಲೆ ನೋಡಿದಳು. ನೋಡಿದ ಮೇಲೆ ತಿಂದಳು.

"ಇವನು ಚಿಕ್ಕೋನಿದ್ದಾಗ," ಎಂದರು ಅತ್ತೆ, "ಹೊಲಿಗೆ ಯಂತ್ರದ ಕೆಳಗೇ ಮಲಗಿಸ್ಕೋತಿದ್ದೆ. ಯಂತ್ರ ನಿಲ್ಸಿದ್ರೆ ಎದ್ದು ಅರಚೋನು. ಅದಕ್ಕೆ ಬಟ್ಟೆ ಇಲ್ದಿದ್ರೂ ಸುಮ್ನೆ ತುಳೀತಾ ಇರ್ತಿದ್ದೆ. ಒಂದ್ಸಲ ಹಾಗೇ ತುಳೀತಾ ತುಳೀತಾ ನಿದ್ದೆ ಹೋಗಿ, ಯಾರದೋ ಮಗನ ಚಡ್ಡಿ ಎರಡೂ ಕಾಲು ಸೇರಿಸಿ ಹೊಲ್ದು ಹಾಕಿದ್ದೆ."

ದೊಡ್ಡ ಸಿಸ್ಟರು ಬಾಯಲ್ಲಿದ್ದ ಸೂಪು ಮೂಗಿಗೇರುವಷ್ಟು ನಕ್ಕಳು. "ಆಮೇಲೆ?"

"ಆಮೇಲೇನು? ಆ ತಾಯಿ ಬಂದು, ನಮ್ಮ ಹುಡುಗಂಗೆ ಎರಡು ಕಾಲಿವೆ ಕಣಮ್ಮಾ ಅಂದ್ಲು."

ಅತ್ತೆಯ ಜೊತೆ ಹೀಗೆ ಎದುರುಬದುರು ಕೂತು ನಕ್ಕು ಎಷ್ಟು ಕಾಲವಾಯಿತು? ನಕ್ಕಿದ್ದಾದರೂ ಉಂಟೇ? ಈಚೆಗಂತೂ ಅವಳು ಅತ್ತೆಯನ್ನು ನೋಡಿದ್ದೆಲ್ಲ ಮಗುವಿನ ತಲೆಯ ಮೇಲಿಂದ, ಎಲ್ಲಿ ತಪ್ಪು ಹಿಡಿಯುತ್ತಾರೋ ಎಂದು. ಅನ್ನ ಬಂತು, ಹುರಿದ ಮೀನು ಬಂತು. ಮೀನಿನ ಮುಳ್ಳು ಬಿಡಿಸುತ್ತಾ ಅತ್ತೆ ನಿಧಾನವಾಗಿ ಹೇಳಿದರು: "ನಿಜ ಕಣಮ್ಮಾ. ನೀನು ಹೇಳಿದ್ದೇ ಸರಿ. ಎಷ್ಟು ಅಚ್ಚುಕಟ್ಟಾಗಿ ನಡೆಸ್ತಿದೀಯ. ನಾನು ಬಂದು ಮಾಡೋದಾದ್ರೂ ಏನಿದೆ? ನಾನೇ ಸುಮ್ನೆ... ಬೇಡ ಬಿಡು. ಬರಲ್ಲ."

ಗೆದ್ದಿದ್ದಳು. ಇಷ್ಟಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಆದರೂ ಅದೇನೋ, ಬಾಯಲ್ಲಿದ್ದ ತುತ್ತಿಗೆ ಉಪ್ಪು ಸಾಲದು ಅನ್ನಿಸಿತು. ಅತ್ತೆ ಹಳದಿ ಟೊಪ್ಪಿಯನ್ನು ಮಡಿಸಿ, ಇನ್ನೂ ಚಿಕ್ಕದಾಗಿ ಮಡಿಸಿ, ಕೈಯೊಳಗೆ ಇಟ್ಟುಕೊಂಡಿದ್ದರು. ಹೋಗುತ್ತಾ ಹೋಗುತ್ತಾ ಭಾನುವಾರದ ಅತಿಥಿಯಾಗಿಯೇ ಉಳಿಯುವ ಮುದುಕಿಯೊಬ್ಬಳ ಕೈ ಅದು ಎಂದು ದೊಡ್ಡ ಸಿಸ್ಟರಿಗೆ ಕಂಡಿತು. ಇಲ್ಲ, ಬನ್ನಿ ಅತ್ತೆ ಎಂದುಬಿಡಲೇ ಎಂದುಕೊಂಡಳು. ಭಾಷಣ ಹೊಲಿಸಿಟ್ಟವಳಿಗೆ ಅದನ್ನು ಬಿಚ್ಚುವುದು ಅಷ್ಟು ಸುಲಭವೇ? ಲೋಟ ಎತ್ತಿ ನೀರು ಕುಡಿದಳು.

ಆಗ ಗಂಡ ಮೆಟ್ಟಿಲು ಹತ್ತಿ ಬಂದ. ಫೋನು ಜೇಬಿನಲ್ಲಿ, ಎರಡೂ ಕೈ ಖಾಲಿ.

"ಆಯ್ತು, ಆ ಯಪ್ಪ ಹೊರಗೆ ಬಂದ. ನಾನು ಬೇಡ ಅಂದ್ರೂ ಎಲ್ಲಾ ಗುಂಡೀನೂ ಒತ್ತಿದಾನೆ" ಎನ್ನುತ್ತಾ ಕುರ್ಚಿ ಎಳೆದುಕೊಂಡ. ಆಮೇಲೆ ಅತ್ತಿತ್ತ ನೋಡಿದ. "ಮಗು ಎಲ್ಲಿ?"

"ನಿನ್ನ ಹತ್ರ ಅಲ್ವೇನೋ?" ಎಂದರು ಅತ್ತೆ.

"ನನ್ನ ಹತ್ರಾನಾ? ಇವಳಿಗೆ ಕೊಟ್ಟು ಹೋದ್ನಲ್ಲಮ್ಮಾ."

ಇಬ್ಬರೂ ದೊಡ್ಡ ಸಿಸ್ಟರನ್ನು ನೋಡಿದರು. ಅವಳು ಆರಾಮವಾಗಿ ಅನ್ನ ಕಲಸುತ್ತಿದ್ದಳು. "ಅದೇ ಹೇಳಿದ್ನಲ್ಲಾ, ಚಾರ್ಜ್ ಕೊಟ್ಟು ಬಂದೆ ಅಂತ."

"ಯಾರಿಗೆ?"

"ಯಾರಿಗೆ ಅಂದ್ರೆ? ನೈಟ್ ಸಿಸ್ಟರಿಗೆ."

ಹೇಳಿದಳು. ಆಮೇಲೆ ತಾನು ಹೇಳಿದ್ದನ್ನು ಕೇಳಿಸಿಕೊಂಡಳು. ಕಿಟಕಿಯಾಚೆ ನಡುಮಧ್ಯಾಹ್ನದ ಬಿಸಿಲು ಬಸ್ಸುಗಳ ಮೇಲೆ ಬಿದ್ದಿತ್ತು.

ಆಮೇಲೆ ಎದ್ದದ್ದು ಅವಳೋ ಕುರ್ಚಿಯೋ ಮೇಜುಬಟ್ಟೆಯೋ ಹೇಳುವುದು ಕಷ್ಟ. ನೀರಿನ ಜಗ್ಗು ಗಂಡನ ಮಡಿಲಿಗೆ ಬಿತ್ತು. ಅವನಿಗೆ ಬಾಯಿಗೆ ಬಂದದ್ದು ಕಸುಬಿನ ಮಾತೇ: "ಗಾಬರಿ ಆಗ್ಬೇಡ! ಯಾವ ಗುಂಡೀನೂ ಒತ್ಬೇಡ!" ಅವಳು ಅಷ್ಟರಲ್ಲಿ ಓಣಿ ಸೇರಿದ್ದಳು. ಒಂದು ಚಪ್ಪಲಿ ದಂಪತಿಯ ಟೇಬಲಿನ ಕೆಳಗೆ ಉಳಿದಿತ್ತು. ಗಾದೆಯ ಹೆಂಗಸಾದರೂ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ಪಾಪ, ಅವಳು ಎಷ್ಟು ಜಾಗರೂಕಳು ಎಂದು ಆ ಓಟದಲ್ಲೂ ದೊಡ್ಡ ಸಿಸ್ಟರಿಗೆ ಹೊಟ್ಟೆಕಿಚ್ಚಾಯಿತು. ಎದುರು ಬಂದ ಸಪ್ಲೈಯರು ಅವಳ ಮುಖ ಕಂಡು, ಅಭ್ಯಾಸಬಲದಿಂದ, "ಪಾರ್ಸೆಲ್ ಮಾಡ್ಲಾ ಮೇಡಂ?" ಎಂದ.

ಅಡುಗೆಮನೆಯ ಬಾಗಿಲು ತಳ್ಳಿದಳು. ಒಳಗೆ ಈರುಳ್ಳಿ ಮೂಟೆಗಳ ಪಕ್ಕ, ಒಲೆಗಳಿಂದ ದೂರದಲ್ಲಿ, ಸ್ಟೂಲಿನ ಮೇಲೆ ನೀಲಿ ಅಂಗಿಯವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಕೂತ ಜಾಗದಿಂದ ಅಲುಗಾಡಿದಂತಿರಲಿಲ್ಲ. ತೊಡೆಯ ಮೇಲೆ ಯಜಮಾನ್ತಿ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಜಗಿಯುತ್ತಾ, ಅಡುಗೆಭಟ್ಟ ಸೌಟಿನಿಂದ ಬಾಣಲೆ ಬಡಿಯುವುದನ್ನು ಮೇಲ್ವಿಚಾರಣೆ ಮಾಡುತ್ತಿದ್ದಳು. ಅಮ್ಮನನ್ನು ನೋಡಿದಳು. ನೋಡಿ, ಇವಳೂ ಬಂದಳಾ ಎಂಬಂತೆ, ಮತ್ತೆ ಬಾಣಲೆಯ ಕಡೆ ತಿರುಗಿದಳು.

ನೀಲಿ ಅಂಗಿಯವಳು ಗಡಬಡಿಸಿ ಎದ್ದು ನಿಂತಳು. "ಮೇಡಂ, ಎಡಗಿವಿ ಸವರಿದೆ. ಅತ್ತಿಲ್ಲ. ಜ್ವರ ಇಲ್ಲ. ಡಾಕ್ಟರು ಯಾರೂ ಬರ್ಲಿಲ್ಲ, ಬಂದ್ರೆ ಬಿಡಬಾರ್ದು ಅಂತ ಬಾಗಿಲ ಹತ್ರ ಹೇಳಿಟ್ಟಿದೀನಿ. ಆದ್ರೆ ಮೇಡಂ," ಎಂದು ದನಿ ತಗ್ಗಿಸಿದಳು, "ಬಿ.ಪಿ. ನೋಡಿ ಅಂದ್ರಲ್ಲಾ, ಅದೊಂದು ಆಗ್ಲಿಲ್ಲ. ನಮ್ಮ ಹೋಟೆಲಲ್ಲಿ ಅದು ಇಟ್ಟಿಲ್ಲ."

"ತಪ್ಪಾಯ್ತಮ್ಮಾ" ಎಂದಳು ದೊಡ್ಡ ಸಿಸ್ಟರು. ಮಗುವನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಆ ಹೆಂಗಸು ಕೈ ಬಿಡದೆ, ಏನನ್ನೋ ಕಾಯುವವಳಂತೆ ನಿಂತಿದ್ದಳು. ಆಮೇಲೆ ನೆನಪಾಗಿ, "ಮಗು ನಿಮ್ಮದು ಮೇಡಂ" ಎಂದಳು.

"ಮಗು ನನ್ನದು" ಎಂದಳು ದೊಡ್ಡ ಸಿಸ್ಟರು. ಆ ಮಾತು ಹೇಳಲು ಇಷ್ಟು ಕಷ್ಟವಾದದ್ದು ಅದೇ ಮೊದಲು.

ಅವಳು ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಟೇಬಲಿಗೆ ಮರಳುವಾಗ ಹೋಟೆಲಿಗೆ ಹೋಟೆಲೇ ಊಟ ಬಿಟ್ಟು ನೋಡುತ್ತಿತ್ತು. ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗಲಿಲ್ಲ ಎನ್ನಲು ಅವಳಿಗೆ ಮೀಸೆಯೂ ಇರಲಿಲ್ಲ. ವಿಷಯ ಕೇಳಿದ ಗಂಡ ಒದ್ದೆ ಪ್ಯಾಂಟಿನಲ್ಲಿ ಕೂತು, ನಗಬೇಕೋ ಬೇಡವೋ ಎಂದು ಅಮ್ಮನ ಮುಖ ನೋಡಿದ. ಅಮ್ಮ ಆಗಲೇ ನಗುತ್ತಿದ್ದರು. ಸದ್ದಿಲ್ಲದೆ, ಭುಜ ಕುಣಿಸುತ್ತಾ, ಕಣ್ಣಲ್ಲಿ ನೀರು ಬರುವ ತನಕ.

"ಚಡ್ಡಿ," ಎಂದರು ಕೊನೆಗೆ ಉಸಿರು ಸಿಕ್ಕಾಗ, "ನನ್ನ ಚಡ್ಡಿಗಿಂತ ಇದೇ ಚೆನ್ನಾಗಿದೆ ಕಣಮ್ಮಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದಕ್ಕೆ ಅವಳಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ. ಮಗುವಿನ ಕುತ್ತಿಗೆಯಲ್ಲಿ ಮುಖ ಹುದುಗಿಸಿ, ನಲ್ಲಿಯ ಸದ್ದಿನ ಆಸರೆಯೂ ಇಲ್ಲದೆ, ಎಲ್ಲರ ಎದುರು ಅತ್ತಳು. ಗಂಡ ಹೆದರಿ, "ದೊಡ್ಡ ಸಿಸ್ಟರ್..." ಎಂದ.

"ನೀನು ಸುಮ್ನಿರೋ," ಎಂದರು ಅತ್ತೆ. "ಮೊನ್ನೆ ಫೋನಲ್ಲಿ, ಅಮ್ಮಾ ನಮ್ಮ ಬಚ್ಚಲು ನಲ್ಲಿ ಎಷ್ಟು ವಾಷರ್ ಹಾಕಿದ್ರೂ ಸೋರುತ್ತೆ ಅಂತಿದ್ದೆಯಲ್ಲ, ಪೆದ್ದ. ಸೋರ್ತಿರೋದು ನಲ್ಲಿ ಅಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು. ಬರ್ತೀನಿ ಅಂದಿದ್ದು ಅದಕ್ಕೇ. ಮಗು ನೋಡ್ಕೊಳ್ಳೋಕೆ ಯಾರು ಬೇಕಾದ್ರೂ ಸಿಗ್ತಾರೆ."

ದೊಡ್ಡ ಸಿಸ್ಟರು ಮುಖ ಎತ್ತಲಿಲ್ಲ. ಎತ್ತಿದರೆ ಮತ್ತೆ ದೊಡ್ಡ ಸಿಸ್ಟರಾಗಬೇಕಿತ್ತು. ಕೆಳಗೆ ನೋಡುತ್ತಲೇ ಕೇಳಿದಳು: "ಆ ಹೂಕುಂಡ ಕಿಟಕಿ ಹತ್ರ ಇಡ್ಬೇಕಾ ಅತ್ತೆ, ನೆರಳಲ್ಲಾ?"

"ಕಿಟಕಿ ಹತ್ರ. ಬೆಳಗಿನ ಬಿಸಿಲು ಬೇಕು ಅದಕ್ಕೆ."

"ಹಾಗಿದ್ರೆ ಇವತ್ತು ಸಾಯಂಕಾಲವೇ ತನ್ನಿ. ಸಣ್ಣ ಕೋಣೆಗೆ ಬಿಸಿಲು ಬರುತ್ತೆ."

ಅತ್ತೆ ಮಡಿಸಿ ಮಡಿಸಿ ಸಣ್ಣದು ಮಾಡಿದ್ದ ಟೊಪ್ಪಿಯನ್ನು ಬಿಚ್ಚಿ, ಕೈ ಚಾಚಿದರು. ಈ ಸಲ ದೊಡ್ಡ ಸಿಸ್ಟರು ಮಗುವನ್ನು ಕೊಟ್ಟಳು. "ಹೊಟ್ಟೆ ತುಂಬಿದೆ, ಬಟ್ಟೆ ಬದಲಾಯಿಸಿದ್ದೀನಿ. ಎಡಗಿವಿ ಹಿಂದೆ... ಅತ್ತೆ, ಮಗು ನಿಮ್ಮದು."

ಕೊಟ್ಟು, ಉತ್ತರಕ್ಕಾಗಿ ಕಾದಳು. ಉತ್ತರ ಬರಲಿಲ್ಲ. ಅತ್ತೆ ಎದ್ದು, ಟೊಪ್ಪಿಯನ್ನು ಹಿಂದುಮುಂದಾಗಿ ಹಾಕಿ, ಮೊಮ್ಮಗಳ ಬಲ ಕಿವಿಯನ್ನು ಸವರುತ್ತಾ ಆಗಲೇ ಕಿಟಕಿಯ ಹತ್ತಿರ ಹೋಗಿದ್ದರು. ಎಡಗಿವಿ ಅತ್ತೆ, ಎಡಗಿವಿ, ಮತ್ತೆ ಬಾಯಲ್ಲಿ ಒಪ್ಪಿಕೊಳ್ಳಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂತು. ದೊಡ್ಡ ಸಿಸ್ಟರು ಅದನ್ನು ಕಹಿ ಮಾತ್ರೆಯ ಹಾಗೆ ನುಂಗಿದಳು. ನುಂಗಿದ್ದಕ್ಕೆ ಬಾಯಿ ತೆರೆದು ತೋರಿಸೋಣವೆಂದರೆ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಯಜಮಾನ್ತಿಯಂತೂ ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳು.

ಗಂಡ ಪಕ್ಕದ ಮೇಜಿನ ಕೆಳಗಿನಿಂದ ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟ. ಸಪ್ಲೈಯರು ಡಬ್ಬಿಗಳನ್ನು ಹಿಡಿದು, ಮೈಯನ್ನು ಅರ್ಧ ಬಗ್ಗಿಸಿ ನಿಂತಿದ್ದ.

"ಪಾರ್ಸೆಲ್ ಬೇಡಪ್ಪಾ," ಎಂದಳು ಅವಳು ಮೂಗೊರೆಸಿಕೊಳ್ಳುತ್ತಾ. "ಊಟ ಇಲ್ಲೇ ಮಾಡ್ತೀವಿ."

"ಆಗ್ಲಿ ಮೇಡಂ" ಎಂದ ಅವನು ಹೊರಟ. ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಬಂದು, ಒಂದು ಡಬ್ಬಿಯನ್ನು ಟೇಬಲಿನ ಅಂಚಿನಲ್ಲಿ ಸದ್ದಾಗದಂತೆ ಇಟ್ಟ.

"ಯಾವುದಕ್ಕೂ ಇರ್ಲಿ" ಎಂದ.